ಕ್ಯಾಪುಚಿನೋ: ಕಥೆ ಯಾವುದು, ಚರಿತ್ರೆ ಯಾವುದು?

ಕೆಫೆಯಲ್ಲಿ ಕ್ಯಾಪುಚಿನೋ ಕುಡಿಯುವಾಗ ನೀವೂ ಈ ಕಥೆ ಕೇಳಿರಬಹುದು. 1683ರಲ್ಲಿ ವಿಯೆನ್ನಾಕ್ಕೆ ಮುತ್ತಿಗೆ ಹಾಕಿದ ಉಸ್ಮಾನಿ ತುರ್ಕರು ಸೋತು, ಕಾಫಿ ಮೂಟೆಗಳನ್ನು ಬಿಟ್ಟು ಓಡಿದರಂತೆ. ಮಾರ್ಕೊ ದಾವಿಯಾನೊ ಎಂಬ ಕ್ಯಾಪುಚಿನ್ ಸನ್ಯಾಸಿ ಆ ಕಹಿ ಕಾಫಿಗೆ ಹಾಲು, ಜೇನು ಬೆರೆಸಿದರಂತೆ. ಮುತ್ತಿಗೆ ನಿಜ, ಸನ್ಯಾಸಿಯೂ ನಿಜ. ಕಾಫಿಯ ಕಥೆಗೆ ಮಾತ್ರ ಆ ಕಾಲದ ಪುರಾವೆ ಇಲ್ಲ.

ಹೆಸರು ಹುಟ್ಟಿದ್ದು ಬಣ್ಣದಿಂದ. 18ನೇ ಶತಮಾನದ ವಿಯೆನ್ನಾದಲ್ಲಿ ಕೆನೆ, ಸಕ್ಕರೆ ಹಾಕಿದ ಕಾಫಿಗೆ 'ಕಪುಟ್ಸಿನರ್' ಅಂತಿದ್ದರು. ಅದರ ಬಣ್ಣ ಆ ಸನ್ಯಾಸಿಗಳ ಕಂದು ನಿಲುವಂಗಿಯಂತಿತ್ತು. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಎಸ್ಪ್ರೆಸೊ ಯಂತ್ರಕ್ಕೆ ಪೇಟೆಂಟ್ ಮಾಡಿಸಿದರು. ಎರಡನೇ ಮಹಾಯುದ್ಧದ ನಂತರ ಅಕಿಲೆ ಗಾಜ್ಜಾ ಅವರ ಲಿವರ್ ಯಂತ್ರ ಒತ್ತಡ ಹೆಚ್ಚಿಸಿ, ಕಾಫಿಯ ಮೇಲೆ ಹೊಂಬಣ್ಣದ ನೊರೆ ತಂದಿತು. ಅಂಥ ಎಸ್ಪ್ರೆಸೊಗೆ ಹಬೆಯಿಂದ ನೊರೆ ಎಬ್ಬಿಸಿದ ಹಾಲು ಸೇರಿದರೆ ಇಂದಿನ ಕ್ಯಾಪುಚಿನೋ.

ಸರಿ, ಕಾಫಿ ಕುಡಿಯೋದು ಶುರುವಾದದ್ದೆಲ್ಲಿ? 15ನೇ ಶತಮಾನದ ಯೆಮೆನ್‌ನಲ್ಲಿ ಸೂಫಿಗಳು ರಾತ್ರಿಯ ಝಿಕ್ರ್‌ನಲ್ಲಿ ನಿದ್ದೆ ಬಾರದಿರಲೆಂದು ಇದನ್ನು ಕುಡಿಯುತ್ತಿದ್ದರು. 1511ರಲ್ಲಿ ಮಕ್ಕಾದಲ್ಲಿ ಕಾಫಿಗೆ ನಿಷೇಧವೂ ಬಿತ್ತು. ಅದು ಬಹಳ ಕಾಲ ನಿಲ್ಲಲಿಲ್ಲ.

ಮುತ್ತಿಗೆಯ ಕಥೆ ಈ ಕಪ್ಪನ್ನು ಗೆದ್ದವರ ಕೊಳ್ಳೆಯಾಗಿ ಮಾಡಿಬಿಡುತ್ತೆ. ಚರಿತ್ರೆ ಹೇಳೋದು ಬೇರೆ: ಕುಡಿಯುವ ರೂಢಿ ಯೆಮೆನ್‌ನದು, ಹೆಸರು ವಿಯೆನ್ನಾದ್ದು, ಯಂತ್ರ ಇಟಲಿಯದು. ಬಾಬಾ ಬುಡನ್ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರು ಅನ್ನೋದು ನಮ್ಮವರ ಐತಿಹ್ಯ. ಅದನ್ನೂ ಐತಿಹ್ಯ ಅಂತಲೇ ಹೇಳೋಣ. ಪುರಾವೆ ಕೇಳುವಾಗ ನಮ್ಮ ಕಥೆ, ಅವರ ಕಥೆ ಅನ್ನೋ ಭೇದ ಬೇಡ, ಅಲ್ವಾ?