ಗೀಟು, ಒತ್ತು, ಸಮೀಕರಣ: ಕನ್ನಡದಲ್ಲಿ ಲೆಕ್ಕ ಬರೆಯುವ ಬಗೆಯ ಚರಿತ್ರೆ

ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳನ್ನು ಶಾಸನತಜ್ಞ ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನಮಾಲೆಯ 4ನೆಯ ಸಂಪುಟದಲ್ಲಿ 1898ರಲ್ಲಿ ಪ್ರಕಟಿಸಿದರು. ಇಂಥ ಕನ್ನಡ ಶಾಸನಗಳಲ್ಲಿ ಶಕವರ್ಷವು ಒಮ್ಮೆ ಅಂಕಿಯಲ್ಲಿ, ಒಮ್ಮೆ ಪದದಲ್ಲಿ ಬರುತ್ತದೆ. ಎರಡೂ ಮಾತಿನಂತೆ ಒಂದೇ ಸಾಲಿನಲ್ಲಿ ಸಾಗುತ್ತವೆ. ಹಳೆಯ ಲೆಕ್ಕಪತ್ರಗಳ ರೀತಿ ಬೇರೆ. ಅಲ್ಲಿ ಕಾಲಿಗೆ ಒಂದು ನಿಂತ ಗೀಟು, ಅರೆಗೆ ಎರಡು, ಮುಕ್ಕಾಲಿಗೆ ಮೂರು. ವೀಸಕ್ಕೆ, ಎಂದರೆ ಹದಿನಾರನೇ ಒಂದು ಭಾಗಕ್ಕೆ, ಬೇರೆ ದಿಕ್ಕಿನ ಗೀಟು. ಗೀಟು ಮಲಗಿತೋ ನಿಂತಿತೋ ಎಂಬುದರಿಂದಲೇ ಬೆಲೆ ಗೊತ್ತಾಗುತ್ತಿತ್ತು. ಭಾರತದ ಹಲವು ಲಿಪಿಗಳಿಗೆ ಸಮಾನವಾದ ಈ ಗುರುತುಗಳಿಗೆ 2009ರಲ್ಲಿ ಯೂನಿಕೋಡ್ 5.2 ಆವೃತ್ತಿಯಲ್ಲಿ ಸ್ಥಾನ ಸಿಕ್ಕಿತು. ಲೆಕ್ಕದ ಬರಹದಲ್ಲಿ ಆಕಾರ ಮತ್ತು ಜಾಗ ಅಲಂಕಾರವಲ್ಲ, ಅರ್ಥದ ಭಾಗ ಎಂಬುದಕ್ಕೆ ಈ ಗೀಟುಗಳೇ ಸಾಕ್ಷಿ.

ಪರದೆಯ ಮೇಲೆ ಬರೆಯುವಾಗ ಈ ಅರ್ಥವೇ ಸೋರಿಹೋಗುತ್ತದೆ. 1/2ಕ ಎಂದು ಬೆರಳಚ್ಚಿಸಿದರೆ ಅದು ಕ-ದ ಅರ್ಧವೋ, 2ಕ ಕೆಳಗಿರುವ ಭಿನ್ನರಾಶಿಯೋ ತಿಳಿಯದು. ಕ²ದ ಘಾತಸೂಚಿ ಕೆಳಗಿಳಿದು ಕ2 ಆದರೆ ವರ್ಗವೇ ಇಲ್ಲವಾಗುತ್ತದೆ. ಡೊನಾಲ್ಡ್ ಕ್ನೂತ್ 1978ರಲ್ಲಿ ಹೊರತಂದ ಅಕ್ಷರಜೋಡಣೆಯ ತಂತ್ರಾಂಶ ಟೆಕ್ ಮತ್ತು 1998ರಲ್ಲಿ ವೆಬ್‌ಗಾಗಿ ಮಾನಕವಾದ ಗಣಿತ ಬರಹದ ಗುರುತು ಭಾಷೆ ಮ್ಯಾತ್‌ಎಂಎಲ್ ಕಂಡುಕೊಂಡ ಉಪಾಯ ಒಂದೇ: ಸಾಲಾಗಿ ಬರೆ, ಜೋಡಿಸಿ ತೋರಿಸು. ಕನ್ನಡಿಗರಿಗೆ ಇದು ಹೊಸತಲ್ಲ. ಯೂನಿಕೋಡ್‌ನಲ್ಲಿ ಕ, ವಿರಾಮ (್), ತ ಒಂದರ ಹಿಂದೊಂದು ಕೂತಿರುತ್ತವೆ. ಪರದೆಯಲ್ಲಿ ತ-ಒತ್ತು ಕ-ದ ಕೆಳಗಿಳಿದು ‘ಕ್ತ’ ಆಗುತ್ತದೆ. ಒತ್ತು ಪಕ್ಕಕ್ಕೆ ಬಂದರೆ ‘ರಕ್ತ’ವು ‘ರಕತ’ವಾಗುತ್ತದೆಂದು ಬಲ್ಲ ಓದುಗರು ಘಾತಸೂಚಿಯ ಜಾಗವನ್ನು ಕಡೆಗಣಿಸಲು ಕಾರಣವಿಲ್ಲ.

ಚಿಹ್ನೆಗಳು ಜಗತ್ತಿಗೆಲ್ಲ ಒಂದೇ, ಕನ್ನಡ ಮಾಧ್ಯಮದ ಪಠ್ಯಗಳೂ ರೋಮನ್ ಅಕ್ಷರಗಳನ್ನೇ ಬಳಸುತ್ತವೆ, ಹಾಗಿರುವಾಗ ಇಲ್ಲಿ ಕನ್ನಡದ ಪ್ರಶ್ನೆ ಎಲ್ಲಿಂದ ಬಂತು ಎಂದು ಕೇಳಬಹುದು. ಚಿಹ್ನೆ ಒಂದೇ ಆದರೂ ಓದುವ ಕ್ರಮ ಒಂದೇ ಅಲ್ಲ. 2/3 ಎಂಬುದನ್ನು ನಾವು ‘ಮೂರನೇ ಎರಡು’ ಎನ್ನುತ್ತೇವೆ. ಕನ್ನಡದ ನಾಲಿಗೆ ಛೇದದಿಂದ ಶುರುಮಾಡಿ ಅಂಶಕ್ಕೆ ಏರುತ್ತದೆ. ಕಾಗದದಲ್ಲಿ ಬರೆದು ಫೋಟೋ ಹಾಕಿದರೆ ಸಾಲದೇ ಎಂಬುದು ಇನ್ನೊಂದು ಆಕ್ಷೇಪ. ತುರ್ತಿಗೆ ಅದು ಸಾಕು, ನಿಜ. ಆದರೆ ಫೋಟೋದೊಳಗಿನ ಸಮೀಕರಣದಲ್ಲಿ ತಪ್ಪಿದ್ದರೆ ಅಲ್ಲೇ ತಿದ್ದಲಾಗದು. ಅದರ ರಚನೆ ಪಠ್ಯವಾಗಿ ಉಳಿದಿರುವುದಿಲ್ಲವಾದ್ದರಿಂದ, ಕಣ್ಣು ಕಾಣದ ವಿದ್ಯಾರ್ಥಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೂ ಅದು ದಕ್ಕುವುದು ಕಷ್ಟ. ಅಂಶ ಯಾವುದು, ಛೇದ ಯಾವುದು ಎಂದು ಗುರುತಿಟ್ಟ ಬರಹವನ್ನಾದರೆ ಆಯಾ ಭಾಷೆಯ ಕ್ರಮದಲ್ಲಿ ಓದಿಸಬಹುದು.

ಆದ್ದರಿಂದ ಸಮೀಕರಣದ ವಿನ್ಯಾಸವನ್ನು ಅಚ್ಚುಕಟ್ಟಿನ ವಿಷಯವೆಂದು ಬದಿಗಿಡಬಾರದು. ಗೀಟಿನ ದಿಕ್ಕು ತಪ್ಪಿದರೆ ಕಾಲು ವೀಸವಾಗುತ್ತಿತ್ತು. ಲೆಕ್ಕ ಬರೆಯುವವರು ಆಗ ತೋರಿದ ಎಚ್ಚರವೇ ಗುಂಡ್ಲುಪೇಟೆಯ ವಿದ್ಯಾರ್ಥಿ ಇಂದು ಮೊಬೈಲಿನಲ್ಲಿ ಓದುವ ಕನ್ನಡ ಗಣಿತಕ್ಕೂ ಬೇಕು.