ಚೀನಾದೇಶದ ಕುಟುಂಬಪಟ್ಟಿಯೂ ವಲಸೆಗಾರರ ಪೌರಾಧಿಕಾರವೂ

ಚೀನೀ ಭಾಷೆಯಲ್ಲಿ ‘ಹುಕೌ’ ಎಂಬ ಶಬ್ದವುಂಟು. ‘ಹು’ ಎಂದರೆ ಮನೆ. ‘ಕೌ’ ಎಂದರೆ ಬಾಯಿ. ಮನೆಯೊಂದರಲ್ಲಿ ಉಣ್ಣುವ ಬಾಯಿಗಳೆಷ್ಟೆಂದು ಸರ್ಕಾರವು ಬರೆದಿಡುವ ಪಟ್ಟಿಗೆ ಆ ಹೆಸರು. ಉಣ್ಣುವ ಬಾಯಿಯೇ ಮಾತನಾಡುವ ಬಾಯಿಯೂ ಆಗಿರುವುದು ಲೋಕಸಹಜ. ಆದರೆ ಹಳ್ಳಿಯನ್ನು ಬಿಟ್ಟು ಪಟ್ಟಣವನ್ನು ಸೇರಿದ ಚೀನೀ ಕೂಲಿಕಾರನು ಉಣ್ಣುವುದು ಒಂದೆಡೆ, ಮಾತನಾಡಲು ಅಧಿಕಾರವಿರುವುದು ಮತ್ತೊಂದೆಡೆ ಎಂಬಂತಾಯಿತು.

ಈ ಪಟ್ಟಿಯು ನಿನ್ನೆ ಮೊನ್ನೆಯದಲ್ಲ. ಕ್ರಿ. ಪೂ. 375ರಲ್ಲಿ ಚಿನ್ ರಾಜ್ಯದ ಅರಸನು ಪ್ರಜೆಗಳ ಮನೆಗಳನ್ನು ಐದೈದಾಗಿ ಗುಂಪುಗೂಡಿಸಿ ಬರೆಯಿಸಿದನು. ಅನಂತರ ಮಂತ್ರಿಯಾದ ಷಾಂಗ್ ಯಾಂಗನು, ಒಬ್ಬನ ಅಪರಾಧಕ್ಕೆ ನೆರೆಮನೆಯವರೂ ಹೊಣೆಗಾರರೆಂದು ವಿಧಿಸಿ ಆ ಕಟ್ಟನ್ನು ಬಿಗಿಮಾಡಿದನು. ತೆರಿಗೆ, ದಂಡು, ಬಿಟ್ಟಿ ಇವಿಷ್ಟೇ ಉದ್ದೇಶ. ಪ್ರಜೆಯ ಹಕ್ಕೆಂಬ ಮಾತು ಅಲ್ಲಿರಲಿಲ್ಲ. ಕ್ರಿ. ಪೂ. 338ರಲ್ಲಿ ಅರಸನು ತೀರಿಕೊಳ್ಳಲು, ಈ ಮಂತ್ರಿಯು ಪ್ರಾಣಭಯದಿಂದೋಡಿ ಗಡಿಯ ಬಳಿಯ ಛತ್ರವೊಂದರಲ್ಲಿ ಇಂಬು ಬೇಡಿದನೆಂದು ಇತಿಹಾಸಕಾರ ಸಿಮಾ ಚಿಯೆನನು ಬರೆದಿರುವನು. ಗುರುತಿನ ಚೀಟಿಯಿಲ್ಲದವನನ್ನು ಇರಿಸಿಕೊಂಡರೆ ಷಾಂಗ್ ಪ್ರಭುವಿನ ಶಾಸನದಂತೆ ತನಗೂ ದಂಡನೆಯಾಗುವುದೆಂದು, ಬಂದವನಾರೆಂಬುದನ್ನರಿಯದ ಛತ್ರದವನು ಒಪ್ಪಲಿಲ್ಲ. ತನ್ನ ಶಾಸನದ ರುಚಿ ಮಂತ್ರಿಗೆ ಆಗ ತಿಳಿದಿರಬೇಕು!

ಮುಂದೆ 1381ರಲ್ಲಿ ಮಿಂಗ್ ವಂಶದವರು ‘ಹಳದಿ ಪುಸ್ತಕ’ಗಳೆಂಬ ಪಟ್ಟಿಗಳನ್ನು ಮಾಡಿಸಿ, ಹತ್ತು ವರ್ಷಗಳಿಗೊಮ್ಮೆ ತಿದ್ದಿಸುತ್ತಿದ್ದರು. ಅದಿರಲಿ.

1954ರ ಸಂವಿಧಾನದ 90ನೆಯ ವಿಧಿಯು ಪ್ರಜೆಗಳಿಗೆ ಇಷ್ಟಬಂದಲ್ಲಿ ನೆಲಸುವ ಸ್ವಾತಂತ್ರ್ಯವನ್ನು ಕೊಟ್ಟಿದ್ದಿತು. ನಾಲ್ಕೇ ವರ್ಷಗಳಲ್ಲಿ, 1958ನೆಯ ಜನವರಿ 9ರಂದು, ಹುಕೌ ನಿಬಂಧನೆಯು ಹೊರಟು, ಹಳ್ಳಿಗನು ಅನುಮತಿಯಿಲ್ಲದೆ ಪಟ್ಟಣಕ್ಕೆ ವಾಸ ಬದಲಿಸಲಾಗದೆಂದಾಯಿತು. 1975ರ ಸಂವಿಧಾನದಲ್ಲಿ ಆ ಸ್ವಾತಂತ್ರ್ಯದ ಮಾತನ್ನೇ ಕೈಬಿಟ್ಟರು. ಮತ್ತೆ ಅದು ಬರಲಿಲ್ಲ. ಪಟ್ಟಣದ ಪಟ್ಟಿಯಲ್ಲಿದ್ದವರಿಗೆ ಪಡಿತರದ ಧಾನ್ಯ. ರೈತನಾದರೋ ತಾನು ಬೆಳೆದುದನ್ನೇ ನಂಬಬೇಕು. 1998ರ ವರೆಗೂ ಮಗುವು ತಾಯಿಯ ಪಟ್ಟಿಯನ್ನೇ ಅನುಸರಿಸುತ್ತಿದ್ದುದರಿಂದ ಇದು ಜನ್ಮಸಿದ್ಧವಾದ ಭೇದವಾಯಿತು. ಜಾತಿಯನ್ನು ಬಲ್ಲ ದೇಶದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮತದಾನದಲ್ಲಿಯೂ ಹೀಗೆಯೇ. 1953ರ ಚುನಾವಣಾಶಾಸನದಂತೆ ರಾಷ್ಟ್ರಸಭೆಗೆ ಪ್ರಾಂತಗಳಿಂದ 8 ಲಕ್ಷ ಜನಕ್ಕೊಬ್ಬ, ದೊಡ್ಡ ಪಟ್ಟಣಗಳಿಂದ 1 ಲಕ್ಷಕ್ಕೊಬ್ಬ ಪ್ರತಿನಿಧಿ. 1995ರಲ್ಲಿ ಈ ಅಂತರವು ನಾಲ್ಕಕ್ಕೊಂದಾಗಿ, 2010ರಲ್ಲಿ ಹೋಯಿತು. ಆದರೂ ವಲಸೆಗಾರನ ಸಂಕಟವು ಬೇರೆ. ದುಡಿಯುವ ಪಟ್ಟಣದಲ್ಲಿ ಮತ ಹಾಕಬೇಕಾದರೆ ಸ್ವಂತ ಊರಿನಿಂದ ಮತದಾರನೆಂಬ ಪ್ರಮಾಣಪತ್ರವನ್ನು ತರಬೇಕು. ಹಳ್ಳಿಯ ಸಮಿತಿಗೆ ಮತ ಹಾಕಬೇಕಾದರೆ ಕೂಲಿಯನ್ನು ಕಳೆದುಕೊಂಡು ನೂರಾರು ಹರದಾರಿ ಹೋಗಬೇಕು. ಬಹುಮಂದಿ ಎರಡನ್ನೂ ಬಿಟ್ಟರು. ಇದನ್ನು ನೋಡಿ ವಲಸೆಗಾರನಿಗೆ ಪೌರಪ್ರಜ್ಞೆ ಸಾಲದೆನ್ನುವುದು, ಬಾಗಿಲು ಹಾಕಿಕೊಂಡು ಅತಿಥಿ ಬರಲಿಲ್ಲವೆಂದು ದೂರಿದಂತೆ.

ಪ್ರಜ್ಞೆಯಿರಲಿಲ್ಲವೆಂಬುದು ನಿಜವೂ ಅಲ್ಲ. 2003ರ ಮಾರ್ಚಿಯಲ್ಲಿ ಗ್ವಾಂಗ್‌ಜೌ ನಗರದಲ್ಲಿ ತಾತ್ಕಾಲಿಕ ವಾಸದ ಚೀಟಿಯನ್ನು ತೋರಿಸಲಾರದ ಹೊರ ಪ್ರಾಂತದ ತರುಣನೊಬ್ಬನನ್ನು ಹಿಡಿದೊಯ್ದರು. ಮೂರು ದಿನಗಳಲ್ಲಿ ಅವನು ಪೆಟ್ಟುಗಳಿಂದ ಬಂಧನದಲ್ಲಿಯೇ ಸತ್ತನು. ಅವನು ಪದವೀಧರನಾಗಿದ್ದನು, ಉದ್ಯೋಗದಲ್ಲಿಯೂ ಇದ್ದನು. ಪತ್ರಿಕೆಯೊಂದು ಇದನ್ನು ಬಯಲಿಗೆಳೆಯಲು ದೇಶವೆಲ್ಲ ಕೂಗಿತು. ಮೂವರು ನ್ಯಾಯಶಾಸ್ತ್ರಜ್ಞರು ರಾಷ್ಟ್ರಸಭೆಗೆ ಮನವಿಯನ್ನು ಕೊಟ್ಟರು. ವಲಸೆಗಾರರನ್ನು ಹಿಡಿದು ಊರಿಗಟ್ಟಲು ಆಧಾರವಾಗಿದ್ದ 1982ರ ನಿಬಂಧನೆಯು ಜೂನ್ ತಿಂಗಳಲ್ಲಿ ರದ್ದಾಯಿತು.

2008ರಲ್ಲಿ ಮೊದಲಬಾರಿಗೆ ಮೂವರು ವಲಸೆಕಾರ್ಮಿಕರು ರಾಷ್ಟ್ರಸಭೆಯನ್ನು ಪ್ರವೇಶಿಸಿದರು. ಸಭೆಯ ಸದಸ್ಯರು ಸುಮಾರು 3,000. 2014ರಲ್ಲಿ ರೈತ, ರೈತೇತರ ಎಂಬ ಪಟ್ಟಿಭೇದವನ್ನು ತೆಗೆಯುವುದಾಗಿ ಸರ್ಕಾರವು ಸಾರಿತು. ಮಹಾನಗರಗಳ ಪಟ್ಟಿಯನ್ನು ಸೇರುವುದು ಮಾತ್ರ ಕಷ್ಟವಾಗಿಯೇ ಉಳಿಯಿತು. 2020ರ ಜನಗಣತಿಯಲ್ಲಿ, ಪಟ್ಟಿಯಲ್ಲಿ ಹೆಸರಿದ್ದ ಊರನ್ನು ಬಿಟ್ಟು ಬೇರೆಡೆ ನೆಲಸಿದ ವಲಸೆಗಾರರು 37 ಕೋಟಿ 58 ಲಕ್ಷ ಮಂದಿಯೆಂದು ಎಣಿಕೆಗೆ ಬಂದರು.