ಒಂದು ಯಂತ್ರ, ಹಲವು ಸಂಸಾರ



ನಿಮ್ಮ ಮನೆಯ ಕಪಾಟಿನಲ್ಲಿ ಯಾರೂ ಬಳಸದ ಹಳೆಯ ಲ್ಯಾಪ್‌ಟಾಪ್ ಒಂದು ಮಲಗಿದೆಯೇ? ಅದನ್ನು ಎಸೆಯುವ ಮೊದಲು ಈ ಲೇಖನ ಓದಿ. ಆ ಒಂದೇ ಯಂತ್ರದೊಳಗೆ ಮೂರು ನಾಲ್ಕು ಬೇರೆ ಬೇರೆ ಕಂಪ್ಯೂಟರುಗಳನ್ನು ಕೂರಿಸಿ, ಅದನ್ನೇ ಮನೆಯ ಸರ್ವರ್ ಮಾಡಿಕೊಳ್ಳಬಹುದು. ಸರ್ವರ್ ಎಂದರೆ ಪಂಕ್ತಿಯಲ್ಲಿ ಬಡಿಸುವವರಿದ್ದ ಹಾಗೆ: ಕೇಳಿದವರಿಗೆ ಕೇಳಿದ್ದನ್ನು ಕೊಡುವ ಕಂಪ್ಯೂಟರ್. ಒಂದರೊಳಗೆ ಹಲವನ್ನು ಇಡುವ ಈ ಉಪಾಯ ಈಚಿನದು ಎಂದು ಅನೇಕರು ತಿಳಿದಿದ್ದಾರೆ. ಆದರೆ ಅದಕ್ಕೆ ಈಗ ಅರವತ್ತು ವರ್ಷ ವಯಸ್ಸು!

ವಠಾರದ ಲೆಕ್ಕ

ಮಕ್ಕಳೇ, ಬೆಂಗಳೂರು, ಮೈಸೂರಿನ ಹಳೆಯ ಬಡಾವಣೆಗಳಲ್ಲಿ ವಠಾರಗಳಿದ್ದವು. ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿ ನೋಡಿ, ಅವರಿಗೆ ಗೊತ್ತಿರುತ್ತದೆ. ಒಂದೇ ಗೇಟು, ಒಂದೇ ಬಾವಿ ಅಥವಾ ನಲ್ಲಿ, ಒಳಗೆ ಸಾಲಾಗಿ ಪುಟ್ಟ ಪುಟ್ಟ ಮನೆಗಳು. ಪ್ರತಿ ಸಂಸಾರಕ್ಕೂ ಅದರದೇ ಬಾಗಿಲು, ಅದರದೇ ಅಡುಗೆ. ಒಬ್ಬರ ಮನೆಯಲ್ಲಿ ಸಾರು ಉಕ್ಕಿದರೆ ಪಕ್ಕದ ಮನೆಯ ಒಲೆ ಆರುವುದಿಲ್ಲ. ನೀರು ಯಾರಿಗೆ ಎಷ್ಟು ಹೊತ್ತು ಎಂದು ನೋಡಿಕೊಳ್ಳುವವರು ವಠಾರದ ಮಾಲೀಕರು.

ವರ್ಚುವಲ್ ಮಷಿನ್ ಎಂದರೆ ಅಂಥ ಒಂದು ಬಾಡಿಗೆ ಮನೆ. ಅದರೊಳಗಿನ ವಿಂಡೋಸ್ ಅಥವಾ ಲಿನಕ್ಸ್ ತಾನೊಂದು ಪೂರ್ತಿ ಕಂಪ್ಯೂಟರಿನಲ್ಲಿದ್ದೇನೆ ಎಂದೇ ನಂಬಿರುತ್ತದೆ. ಮಾಲೀಕರ ಕೆಲಸ ಮಾಡುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು. ಆ ಕಾಲದಲ್ಲಿ ಕಂಪ್ಯೂಟರನ್ನು ನಡೆಸುವ ಮುಖ್ಯ ಪ್ರೋಗ್ರಾಮನ್ನು ಸೂಪರ್‌ವೈಸರ್ ಎನ್ನುತ್ತಿದ್ದರು. ಅದಕ್ಕೂ ಮೇಲಿನದು ಹೈಪರ್‌ವೈಸರ್.

ಕೇಂಬ್ರಿಡ್ಜಿನಲ್ಲಿ ಆರಂಭ

1950ರ ದಶಕದಲ್ಲಿ ಕಂಪ್ಯೂಟರ್ ಎಂದರೆ ಒಂದು ಕೋಣೆ ತುಂಬುವ ಯಂತ್ರ. ಪ್ರೋಗ್ರಾಮನ್ನು ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು ಕೊಟ್ಟು, ಉತ್ತರಕ್ಕೆ ಗಂಟೆಗಟ್ಟಲೆ ಕಾಯಬೇಕಿತ್ತು. ಒಂದು ಚಿಹ್ನೆ ತಪ್ಪಿದ್ದರೂ ಮತ್ತೆ ಮೊದಲಿಂದ ಸರದಿ. ಇದಕ್ಕೆ ಪರಿಹಾರವಾಗಿ 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ತೋರಿಸಿದರು. ಕಂಪ್ಯೂಟರ್ ತನ್ನ ಸಮಯವನ್ನು ಚೂರು ಚೂರು ಮಾಡಿ ಒಬ್ಬೊಬ್ಬರಿಗೂ ಸರದಿಯಂತೆ ಕೊಡುತ್ತಿತ್ತು. ಚೂರು ಎಷ್ಟು ಚಿಕ್ಕದೆಂದರೆ, ಯಂತ್ರ ತನ್ನೊಬ್ಬನ ಮಾತನ್ನೇ ಕೇಳುತ್ತಿದೆ ಎಂದು ಪ್ರತಿಯೊಬ್ಬರಿಗೂ ಅನಿಸುತ್ತಿತ್ತು.

1964ರ ಏಪ್ರಿಲ್ 7ರಂದು ಐಬಿಎಂ ತನ್ನ ಸಿಸ್ಟಂ/360 ಯಂತ್ರಗಳನ್ನು ಘೋಷಿಸಿತು. ಆದರೆ ಹೀಗೆ ಸಮಯ ಹಂಚುವುದಕ್ಕೆ ಬೇಕಾದ ಅನುಕೂಲ ಅವುಗಳಲ್ಲಿರಲಿಲ್ಲ. ಎಂಐಟಿ ತನ್ನ ಮುಂದಿನ ದೊಡ್ಡ ಯೋಜನೆಗೆ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯಂತ್ರವನ್ನು ಆರಿಸಿಕೊಂಡಿತು. ಐಬಿಎಂಗೆ ಇದು ದೊಡ್ಡ ಪೆಟ್ಟು.

ಎಂಐಟಿಯ ಪಕ್ಕದಲ್ಲೇ, ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್ ಊರಿನಲ್ಲಿ, ಐಬಿಎಂನ ಒಂದು ಪುಟ್ಟ ಸಂಶೋಧನಾ ಕೇಂದ್ರವಿತ್ತು. ನಾರ್ಮನ್ ರಾಸ್ಮುಸ್ಸೆನ್ ಅದರ ಮುಖ್ಯಸ್ಥರು. ಸಿಟಿಎಸ್‌ಎಸ್‌ನಲ್ಲಿ ಕೆಲಸ ಮಾಡಿದ್ದ ರಾಬರ್ಟ್ ಕ್ರೀಸಿ ಅಲ್ಲಿಗೆ ಸೇರಿದ್ದರು. ಅವರ ತಂಡ ಸಮಯವನ್ನಷ್ಟೇ ಹಂಚದೆ, ಪ್ರತಿಯೊಬ್ಬರಿಗೂ ಇಡೀ ಕಂಪ್ಯೂಟರನ್ನೇ ಕೊಟ್ಟಂತೆ ಮಾಡಿದರೆ ಹೇಗೆ ಎಂದು ಯೋಚಿಸಿತು. ಆಗ ಒಬ್ಬರ ಪ್ರಯೋಗ ಕೆಟ್ಟರೆ ಅವರ ಮನೆ ಮಾತ್ರ ಕೆಡುತ್ತದೆ, ವಠಾರವಲ್ಲ.

ಮಾರ್ಪಡಿಸಿದ ಮಾಡೆಲ್ 40 ಯಂತ್ರದ ಮೇಲೆ ಅವರು ಬರೆದ ಸಿಪಿ-40 ವ್ಯವಸ್ಥೆ 1967ರ ಜನವರಿಯಲ್ಲಿ ನಿತ್ಯದ ಬಳಕೆಗೆ ಬಂತು. ಅದರಲ್ಲಿ 14 ವರ್ಚುವಲ್ ಮಷಿನ್‌ಗಳು, ಒಂದೊಂದಕ್ಕೂ 256 ಕಿಲೋಬೈಟ್ ಸ್ಮೃತಿ. ಹದಿನಾಲ್ಕೂ ಸೇರಿದರೆ ಮೂರೂವರೆ ಮೆಗಾಬೈಟ್. ಇವತ್ತು ನಿಮ್ಮ ಅಮ್ಮನ ಫೋನಿನ ಒಂದು ಫೋಟೋ ಹೆಚ್ಚುಕಡಿಮೆ ಅಷ್ಟು ಜಾಗ ತಿನ್ನುತ್ತದೆ!

ಮುಂದೆ ಮಾಡೆಲ್ 67 ಯಂತ್ರಕ್ಕೆ ಸಿಪಿ-67 ಬಂತು. ಆದರೆ ಐಬಿಎಂ ತನ್ನ ಅಧಿಕೃತ ಭರವಸೆಯನ್ನು ಇಟ್ಟಿದ್ದು ಟಿಎಸ್‌ಎಸ್/360 ಎಂಬ ಬೇರೊಂದು ದೊಡ್ಡ ತಂತ್ರಾಂಶದ ಮೇಲೆ. ಅದು ತೊಡಕಿನ ಮೇಲೆ ತೊಡಕಿಗೆ ಸಿಕ್ಕಿ 1971ರಲ್ಲಿ ನಿಂತುಹೋಯಿತು. ಪುಟ್ಟ ತಂಡದ ಕೂಸು ಮಾತ್ರ ಬಳಕೆದಾರರ ಬೆಂಬಲದಿಂದ ಉಳಿಯಿತು. 1972ರ ಆಗಸ್ಟಿನಲ್ಲಿ ಅದೇ ವಿಎಂ/370 ಎಂಬ ಹೆಸರಿನಲ್ಲಿ ಅಧಿಕೃತವಾಗಿ ಹೊರಬಂತು. ಅದರ ವಂಶದ ಜ಼ಡ್/ವಿಎಂ ಇಂದಿಗೂ ಐಬಿಎಂನ ದೊಡ್ಡ ಯಂತ್ರಗಳಲ್ಲಿ ದುಡಿಯುತ್ತಿದೆ.

ಮಾಲೀಕರ ಕಣ್ಣು ತಪ್ಪಿಸಿದ ಆಜ್ಞೆಗಳು

1974ರಲ್ಲಿ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಈ ವಠಾರಕ್ಕೆ ಮೂರು ನಿಯಮ ಬರೆದರು. ಒಳಗಿನ ಪ್ರೋಗ್ರಾಂ ನಿಜವಾದ ಯಂತ್ರದಲ್ಲಿ ನಡೆದ ಹಾಗೆಯೇ ನಡೆಯಬೇಕು. ಯಂತ್ರದ ಎಲ್ಲ ಸಾಮಗ್ರಿಯೂ ಮಾಲೀಕರ ಹಿಡಿತದಲ್ಲಿರಬೇಕು. ಮತ್ತು ಬಹುಪಾಲು ಕೆಲಸ ಮಾಲೀಕರು ನಡುವೆ ಬಾರದೆ ನೇರವಾಗಿ, ವೇಗವಾಗಿ ಸಾಗಬೇಕು.

ಅಷ್ಟರಲ್ಲಿ ಅಗ್ಗದ ಪರ್ಸನಲ್ ಕಂಪ್ಯೂಟರುಗಳು ಬಂದವು. ಒಬ್ಬೊಬ್ಬರಿಗೂ ಸ್ವಂತ ಮನೆ ಸಿಕ್ಕ ಮೇಲೆ ವಠಾರ ಯಾರಿಗೆ ಬೇಕು? ಉಪಾಯ ಮೂಲೆಗೆ ಸರಿಯಿತು. ಪಿಸಿಗಳ ಇಂಟೆಲ್ ಮಾದರಿಯ ಚಿಪ್ ಈ ನಿಯಮಗಳಿಗೆ ಹೊಂದುತ್ತಲೂ ಇರಲಿಲ್ಲ. ಬಾಡಿಗೆದಾರರು ಇಡೀ ವಠಾರದ ಫ್ಯೂಸಿಗೆ ಕೈ ಹಾಕಿದರೆ ಮಾಲೀಕರಿಗೆ ಗಂಟೆ ಬಾರಿಸಬೇಕಲ್ಲವೇ? ಆ ಚಿಪ್‌ನ ಕೆಲವು ಆಜ್ಞೆಗಳು ಗಂಟೆ ಬಾರಿಸದೆ, ಸದ್ದಿಲ್ಲದೆ ನಡೆದುಬಿಡುತ್ತಿದ್ದವು.

1998ರಲ್ಲಿ ಡಯೇನ್ ಗ್ರೀನ್, ಮೆಂಡೆಲ್ ರೋಸೆನ್‌ಬ್ಲಮ್ ಮತ್ತು ಮೂವರು ಸಂಗಡಿಗರು ವಿಎಂವೇರ್ ಕಂಪನಿ ಕಟ್ಟಿದರು. ಅವರ ತಂತ್ರಾಂಶ ಅಂಥ ಆಜ್ಞೆಗಳನ್ನು ನಡೆಯುವ ಮೊದಲೇ ಹುಡುಕಿ, ಬದಲಿ ಆಜ್ಞೆ ಕೂರಿಸುತ್ತಿತ್ತು. ಮರುವರ್ಷ ಅದು ಮಾರುಕಟ್ಟೆಗೆ ಬಂತು. 2003ರಲ್ಲಿ ಇನ್ನೊಂದು ಕೇಂಬ್ರಿಡ್ಜಿನಿಂದ, ಅಂದರೆ ಇಂಗ್ಲೆಂಡಿನ ವಿಶ್ವವಿದ್ಯಾಲಯದಿಂದ, ಜ಼ೆನ್ ಬಂತು. ಅದರಲ್ಲಿ ಬಾಡಿಗೆದಾರರೇ ಮಾಲೀಕರನ್ನು ಕೇಳಿ ಫ್ಯೂಸ್ ಮುಟ್ಟುವಂತೆ ಬದಲಾಗಬೇಕಿತ್ತು. ಕೊನೆಗೆ 2005 ಮತ್ತು 2006ರಲ್ಲಿ ಇಂಟೆಲ್ ಹಾಗೂ ಎಎಂಡಿ ತಮ್ಮ ಚಿಪ್‌ಗಳಲ್ಲೇ ಇದಕ್ಕೆ ಬೇಕಾದ ವ್ಯವಸ್ಥೆ ಸೇರಿಸಿದವು. 2007ರಲ್ಲಿ ಕೆವಿಎಂ ಎಂಬ ಭಾಗ ಲಿನಕ್ಸ್‌ನ ತಿರುಳಿಗೇ ಸೇರಿ, ಈ ಶಕ್ತಿ ಎಲ್ಲರಿಗೂ ಉಚಿತವಾಗಿ ದೊರೆಯಿತು. 2008ರಲ್ಲಿ ವಿಯೆನ್ನಾದಿಂದ ಪ್ರಾಕ್ಸ್‌ಮಾಕ್ಸ್ ಬಂದು, ಬ್ರೌಸರಿನಲ್ಲಿ ಗುಂಡಿ ಒತ್ತಿ ವಠಾರ ನಡೆಸುವುದು ಸಾಧ್ಯವಾಯಿತು.

ಇದು ನಮಗೇಕೆ?

ಪೋಷಕರೇ, ಈ ಮಾತು ವಿಶೇಷವಾಗಿ ನಿಮಗೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೂ ಬಹಳ ವರ್ಷ ನಮ್ಮವರು ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲೇ ಟೈಪ್ ಮಾಡಿದರು. ಅವು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡವನ್ನು ಕೂರಿಸಿದ ಫಾಂಟುಗಳು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಇನ್ನು ಪೇಜ್‌ಮೇಕರಿನಲ್ಲಿ ಜೋಡಿಸಿದ ಸಂಚಿಕೆಗಳು ಹೊಸ ಯಂತ್ರಗಳಲ್ಲಿ ತೆರೆಯುವುದೇ ಕಷ್ಟ.

ನಿಮ್ಮ ಹಳೆಯ ಸಿಡಿಗಳಲ್ಲಿ ಅಪ್ಪ ಟೈಪ್ ಮಾಡಿದ ನೆನಪುಗಳೋ, ಊರಿನ ಸಂಘದ ಸ್ಮರಣ ಸಂಚಿಕೆಯೋ ಇರಬಹುದು. ಶಾಸನ ಉಳಿದರೂ ಲಿಪಿ ಬಲ್ಲವರು ಇಲ್ಲದಿದ್ದರೆ ಅದು ಬರೀ ಕಲ್ಲು. ಹಾಗೆಯೇ ಕಡತ ಉಳಿದರೂ ಅದನ್ನು ಓದುವ ಯಂತ್ರ ಹೋದರೆ ಬರಹ ಹೋದಂತೆಯೇ.

ಮನೆಯ ಸರ್ವರ್ ಇಲ್ಲಿ ನೆರವಿಗೆ ಬರುತ್ತದೆ. ನಿಮ್ಮ ಬಳಿ ಹಳೆಯ ವಿಂಡೋಸ್ ಡಿಸ್ಕ್ ಮತ್ತು ಅದರ ಲೈಸೆನ್ಸ್ ಇದ್ದರೆ, ಅದನ್ನು ಒಂದು ವರ್ಚುವಲ್ ಮಷಿನ್‌ನಲ್ಲಿ ಹಾಕಿ, ಹಳೆಯ ಫಾಂಟು, ಹಳೆಯ ತಂತ್ರಾಂಶಗಳೊಂದಿಗೆ ಹಾಗೆಯೇ ಕಾಪಾಡಬಹುದು. ಅಲ್ಲಿ ಕಡತ ತೆರೆದು ಓದಿ, ಪರಿವರ್ತಕದಿಂದ ಯೂನಿಕೋಡಿಗೆ ತಂದುಕೊಳ್ಳಿ. ಒಂದು ಎಚ್ಚರಿಕೆ: ಹಳೆಯ ವಿಂಡೋಸ್‌ಗೆ ಈಗ ಸುರಕ್ಷತಾ ತಿದ್ದುಪಡಿಗಳು ಬರುವುದಿಲ್ಲ, ಆದ್ದರಿಂದ ಆ ಮನೆಗೆ ಇಂಟರ್ನೆಟ್ ಸಂಪರ್ಕ ಕೊಡಬೇಡಿ.

ಶುರು ಮಾಡುವುದು ಹೀಗೆ

64 ಬಿಟ್‌ನ, 8 ಗಿಗಾಬೈಟ್ ಸ್ಮೃತಿಯ ಲ್ಯಾಪ್‌ಟಾಪ್ ಆರಂಭಕ್ಕೆ ಸಾಕು. ಮೊದಲು ಅದರಲ್ಲಿರುವ ಎಲ್ಲವನ್ನೂ ಬೇರೆಡೆ ನಕಲು ಮಾಡಿ, ಏಕೆಂದರೆ ಪ್ರಾಕ್ಸ್‌ಮಾಕ್ಸ್ ಹಾಕುವಾಗ ಡಿಸ್ಕ್ ಪೂರ್ತಿ ಅಳಿಸಿಹೋಗುತ್ತದೆ. ಬಯಾಸ್‌ನಲ್ಲಿ ವರ್ಚುವಲೈಸೇಶನ್ ಆಯ್ಕೆಯನ್ನು ಆನ್ ಮಾಡಿ. ಯುಎಸ್‌ಬಿಯಿಂದ ಪ್ರಾಕ್ಸ್‌ಮಾಕ್ಸ್ ಹಾಕಿ, ವೈಫೈ ಬದಲು ತಂತಿಯಿಂದಲೇ ರೂಟರಿಗೆ ಜೋಡಿಸಿ. ಆಮೇಲೆ ಇನ್ನೊಂದು ಕಂಪ್ಯೂಟರಿನ ಬ್ರೌಸರಿನಿಂದಲೇ ಎಲ್ಲವನ್ನೂ ನಡೆಸಬಹುದು. ಒಂದು ಮನೆ ಕುಟುಂಬದ ಫೋಟೋಗಳಿಗೆ, ಒಂದು ಹಳೆಯ ಕನ್ನಡ ಕಡತಗಳಿಗೆ, ಒಂದು ಮಕ್ಕಳ ಪ್ರಯೋಗಕ್ಕೆ.

ಮಕ್ಕಳೇ, ನಿಮ್ಮ ಮನೆಯಲ್ಲಿ ಏನನ್ನಾದರೂ ಬದಲಿಸುವ ಮೊದಲು ಸ್ನ್ಯಾಪ್‌ಶಾಟ್ ತೆಗೆದಿಡಿ. ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದು, ಯಾರೂ ಬೈಯುವುದಿಲ್ಲ. ಆದರೆ ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ. ಡಿಸ್ಕೇ ಕೆಟ್ಟರೆ ಎರಡೂ ಹೋಗುತ್ತವೆ. ಮುಖ್ಯವಾದುದರ ಒಂದು ಪ್ರತಿ ಬೇರೆ ಡಿಸ್ಕಿನಲ್ಲಿರಲಿ, ಇನ್ನೊಂದು ಬೇರೆ ಊರಿನಲ್ಲಿರುವ ಬಂಧುಗಳ ಮನೆಯಲ್ಲಿರಲಿ.

ಕೊನೆಗೆ ನಿಮಗೊಂದು ಲೆಕ್ಕ: 8 ಗಿಗಾಬೈಟ್ ಸ್ಮೃತಿಯಲ್ಲಿ 256 ಕಿಲೋಬೈಟಿನ ಎಷ್ಟು ಪುಟ್ಟ ಮನೆಗಳು ಹಿಡಿಸುತ್ತವೆ? 1 ಗಿಗಾಬೈಟಿಗೆ 1024 ಮೆಗಾಬೈಟ್, 1 ಮೆಗಾಬೈಟಿಗೆ 1024 ಕಿಲೋಬೈಟ್ ಎಂದು ಹಿಡಿಯಿರಿ. ಉತ್ತರ 32,768 ಬಂದರೆ ಶಹಬ್ಬಾಸ್! ಕ್ರೀಸಿಯವರ ತಂಡ 14 ಮನೆಗಳಲ್ಲಿ ಶುರು ಮಾಡಿತ್ತು. ಈ ಶನಿವಾರ ನೀವು ಒಂದರಿಂದ ಶುರು ಮಾಡಿ, ಮತ್ತು ಅಜ್ಜನ ಹಳೆಯ ಸಿಡಿ ಎಲ್ಲಿದೆ ಎಂದು ಅಪ್ಪ ಅಮ್ಮನನ್ನು ಕೇಳಿ.